ಕರಡು ಬೀಜ ಮಸೂದೆಯ ವಿನಾಯಿತಿ ಜವಾರಿ ಗೋಧಿಯನ್ನು ಉಳಿಸೀತೇ?

ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್‌ನಲ್ಲಿ ಹೊಸ ಬೀಜ ಮಸೂದೆಯ ಕರಡನ್ನು ಪ್ರಕಟಿಸಿ, ಡಿಸೆಂಬರ್ 11ರವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅಂದಿನಿಂದ ಒಂದಕ್ಕೊಂದು ತಾಳೆಯಾಗದ ಎರಡು ಮಾತುಗಳು ಹರಿದಾಡುತ್ತಿವೆ. ಮನೆಯಲ್ಲಿ ಬೀಜ ಎತ್ತಿಟ್ಟುಕೊಂಡ ರೈತನೂ ಇನ್ನು ಮುಂದೆ ಅಪರಾಧಿ, 30 ಲಕ್ಷ ರೂಪಾಯಿ ದಂಡ, 3 ವರ್ಷ ಜೈಲು ಎಂಬುದು ಒಂದು. ರೈತರ ತಳಿಗಳಿಗೆ ಪೂರ್ಣ ವಿನಾಯಿತಿ ಸಿಕ್ಕಿದೆ, ಸಾಂಪ್ರದಾಯಿಕ ತಳಿಗಳು ಸುರಕ್ಷಿತ ಎಂಬುದು ಇನ್ನೊಂದು. ಮೊದಲ ಮಾತಿಗೆ ಕರಡಿನಲ್ಲಿ ಆಧಾರವಿಲ್ಲ. ಎರಡನೆಯದಕ್ಕೆ ಅರ್ಧ ಆಧಾರವಿದೆ, ಮತ್ತು ಗೊಂದಲ ಹುಟ್ಟುವುದು ಆ ಅರ್ಧದಿಂದಲೇ.

ಕಾನೂನು ಒಂದು ತಳಿಯನ್ನು ಅದರ ಪಾಡಿಗೆ ಬಿಟ್ಟುಬಿಡುವುದಕ್ಕೂ ಆ ತಳಿ ಹೊಲದಲ್ಲಿ ಉಳಿಯುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ಅಳೆಯಲು ಗೋಧಿಗಿಂತ ಒಳ್ಳೆಯ ಬೆಳೆ ಸಿಗುವುದು ಕಷ್ಟ. ದೇಶದ ಗೋಧಿ ಉತ್ಪಾದನೆ 11 ಕೋಟಿ ಟನ್ ದಾಟಿದೆ. ಅದರಲ್ಲಿ ಜವಾರಿ, ಅಂದರೆ ನಾಟಿ ತಳಿಗಳ ಪಾಲು ಲೆಕ್ಕಕ್ಕೆ ಸಿಗದಷ್ಟು ಕಿರಿದಾಗಿದೆ. ಇದು ಯಾವುದೇ ನಿಷೇಧದಿಂದ ಆದದ್ದಲ್ಲ. 1966ರ ಬೀಜ ಕಾಯ್ದೆಯೂ ಈ ತಳಿಗಳನ್ನು ಮುಟ್ಟಿರಲಿಲ್ಲ.

ಕರಡಿನಲ್ಲಿ ಇರುವುದೇನು

1966ರ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದದ್ದು ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗಳು ಮಾತ್ರ. ಅಧಿಸೂಚಿತವಲ್ಲದ ಬೀಜದ ಗುಣಮಟ್ಟಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಅಲ್ಲಿ ಸರಿಯಾದ ಉತ್ತರವಿರಲಿಲ್ಲ. ಕಳಪೆ ಬೀಜ ಬಿತ್ತಿ ಕೈಸುಟ್ಟುಕೊಂಡ ರೈತರ ದೂರುಗಳು ವರ್ಷವರ್ಷವೂ ಬರುತ್ತಿದ್ದುದರಿಂದ, 2004ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೊಸ ಕಾನೂನಿನ ಪ್ರಯತ್ನ ನಡೆದು ನಿಂತುಹೋಯಿತು. ಈಗಿನ ಕರಡು 1966ರ ಕಾಯ್ದೆಯ ಜೊತೆಗೆ 1983ರ ಬೀಜ ನಿಯಂತ್ರಣ ಆದೇಶದ ಜಾಗವನ್ನೂ ತುಂಬಲು ಬಂದಿದೆ.

ಇದರ ಪ್ರಕಾರ ಮಾರಾಟಕ್ಕೆ ಬರುವ ತಳಿಗಳ ನೋಂದಣಿ ಕಡ್ಡಾಯ. ನೋಂದಣಿಗೆ ಮೊದಲು, ತಳಿಯು ಬೇಸಾಯಕ್ಕೂ ಬಳಕೆಗೂ ಎಷ್ಟು ಯೋಗ್ಯ ಎಂಬ ಪರೀಕ್ಷೆ ಆಗಬೇಕು. ಮಾರಾಟಗಾರರು ನೋಂದಾಯಿಸಿಕೊಳ್ಳಬೇಕು, ಬೀಜದ ಚೀಲದ ಮೇಲೆ ಕ್ಯೂಆರ್ ಕೋಡ್ ಇರಬೇಕು. ತಪ್ಪುಗಳನ್ನು ತೀವ್ರತೆಗೆ ತಕ್ಕಂತೆ ವಿಂಗಡಿಸಲಾಗಿದ್ದು, ಸುದ್ದಿಯಲ್ಲಿರುವ 30 ಲಕ್ಷ ರೂಪಾಯಿ ದಂಡ ಮತ್ತು 3 ವರ್ಷ ಸೆರೆವಾಸ ಗರಿಷ್ಠ ಶಿಕ್ಷೆಯೇ ಹೊರತು ಎಲ್ಲ ತಪ್ಪಿಗೂ ಅಲ್ಲ. ರಫ್ತಿಗೆಂದೇ ಬೆಳೆದ ಬೀಜವನ್ನೂ ರೈತರ ತಳಿಗಳನ್ನೂ ನೋಂದಣಿಯಿಂದ ಹೊರಗಿಡಲಾಗಿದೆ. ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಮರುಬಿತ್ತುವ, ಹಂಚಿಕೊಳ್ಳುವ, ವಿನಿಮಯ ಮಾಡಿಕೊಳ್ಳುವ, ಮಾರುವ ರೈತನ ಹಕ್ಕಿಗೆ ಧಕ್ಕೆಯಿಲ್ಲ ಎಂದು ಕರಡು ನೇರವಾಗಿಯೇ ಹೇಳುತ್ತದೆ. ಷರತ್ತು ಒಂದೇ: ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ.

ಈ ಷರತ್ತು ಹೊಸದಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಆ ಕಾಯ್ದೆ ಇದ್ದೂ 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ಮೊಕದ್ದಮೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತ್ತು. ತೀವ್ರ ವಿರೋಧ ಬಂದ ಮೇಲೆ ಮೊಕದ್ದಮೆ ಹಿಂತೆಗೆದುಕೊಂಡಿತು. ಹಕ್ಕು ಪುಸ್ತಕದಲ್ಲಿದ್ದರೂ ಅದನ್ನು ಸಾಬೀತು ಮಾಡುವ ಭಾರ ರೈತನ ಮೇಲೆಯೇ ಬೀಳುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿತು. ಈಗಿನ ಆತಂಕದ ಬೇರು ಬಹುಮಟ್ಟಿಗೆ ಅಲ್ಲಿದೆ.

ಗೋಧಿಯ ಬೀಜ ಮನೆಯಲ್ಲೇ ಉಳಿಯುವುದೇಕೆ

ಮೆಕ್ಕೆಜೋಳ ಅಥವಾ ಹತ್ತಿಯ ಹೈಬ್ರಿಡ್ ಬೀಜವನ್ನು ಮರುವರ್ಷ ಬಿತ್ತಿದರೆ ಗಿಡಗಳು ಒಂದೇ ಗುಣದವಾಗಿರದೆ ಬೇರೆಬೇರೆಯಾಗಿ ಬರುತ್ತವೆ, ಆದ್ದರಿಂದ ರೈತ ಪ್ರತಿ ಹಂಗಾಮಿಗೂ ಅಂಗಡಿಗೆ ಹೋಗಬೇಕು. ಗೋಧಿ ಹಾಗಲ್ಲ. ಅದರ ಹೂವು ಅರಳುವ ಮೊದಲೇ ತನ್ನದೇ ಪರಾಗದಿಂದ ಫಲಿತಗೊಳ್ಳುವುದರಿಂದ, ಈ ವರ್ಷದ ಒಳ್ಳೆಯ ತೆನೆಯ ಕಾಳು ಮುಂದಿನ ವರ್ಷವೂ ಬಹುಪಾಲು ಅದೇ ಗುಣದ ಗಿಡವನ್ನೇ ಕೊಡುತ್ತದೆ. ಇದರಿಂದ ಎರಡು ಪರಿಣಾಮಗಳು ಆಗಿವೆ. ಬೀಜ ಕಂಪನಿಗಳಿಗೆ ಗೋಧಿಯಲ್ಲಿ ಲಾಭ ಕಡಿಮೆ. ಹಾಗಾಗಿ ಇಂದಿಗೂ ಹೊಸ ಗೋಧಿ ತಳಿಗಳು ಹೆಚ್ಚಾಗಿ ಬರುವುದು ಸರ್ಕಾರಿ ಸಂಶೋಧನಾ ಕೇಂದ್ರಗಳಿಂದ ಮತ್ತು ಕೃಷಿ ವಿಶ್ವವಿದ್ಯಾಲಯಗಳಿಂದ. ಇನ್ನೊಂದು, ಜವಾರಿ ಗೋಧಿಯ ಬೀಜ ಎಂದೂ ಅಂಗಡಿಯ ಸರಕಾಗಲಿಲ್ಲ. ಅದು ಬಂಧುಬಳಗ, ಪಕ್ಕದ ಊರು, ಸಂತೆ, ಇತ್ತೀಚಿನ ದಶಕಗಳಲ್ಲಿ ಸಮುದಾಯ ಬೀಜ ಬ್ಯಾಂಕುಗಳು ಮತ್ತು ಮಹಿಳಾ ಸಂಘಗಳು, ಹೀಗೆ ಕಾಗದಪತ್ರವಿಲ್ಲದ ದಾರಿಗಳಲ್ಲಿ ಸಾಗಿಬಂದಿದೆ.

ಬೀಜ ಕಾನೂನೊಂದು ಜವಾರಿ ಗೋಧಿಗೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಈ ದಾರಿಗಳ ಮೇಲೆ ಅದು ಬೀರುವ ಪರಿಣಾಮವನ್ನು ನೋಡಬೇಕು. ಒಬ್ಬ ರೈತನ ಕಣಜದ ಮೇಲಿನ ಪರಿಣಾಮ ಅಷ್ಟು ಮುಖ್ಯವಲ್ಲ.

ಒಂದು ಹೊಲ, ಹಲವು ವಂಶ

ಜವಾರಿ ತಳಿ ಎಂದರೆ ಒಂದು ಹೆಸರಿನ ಒಂದೇ ಬಗೆಯ ಗೋಧಿ ಎಂದು ಭಾವಿಸುವುದು ಸಾಮಾನ್ಯ. ಬ್ರಿಟಿಷರ ಕಾಲದಲ್ಲಿ ಬಿಹಾರದ ಪೂಸಾದಲ್ಲಿ ಕೆಲಸ ಆರಂಭಿಸಿದ ಸಸ್ಯ ವಿಜ್ಞಾನಿಗಳಾದ ಆಲ್ಬರ್ಟ್ ಹೋವರ್ಡ್ ಮತ್ತು ಗೇಬ್ರಿಯಲ್ ಹೋವರ್ಡ್ ದಂಪತಿ ಕಂಡದ್ದು ಬೇರೆಯೇ ಚಿತ್ರ. ರೈತರ ಹೊಲದಲ್ಲಿ ಮೀಸೆ ಇರುವ ತೆನೆ, ಮೀಸೆ ಇಲ್ಲದ ತೆನೆ, ಕೆಂಪು ಕಾಳು, ಬಿಳಿ ಕಾಳು, ಬೇಗ ಬಲಿಯುವ ಗಿಡ, ತಡವಾಗಿ ಬಲಿಯುವ ಗಿಡ ಎಲ್ಲವೂ ಒಟ್ಟಿಗೇ ಬೆಳೆಯುತ್ತಿದ್ದವು. ಆ ಮಿಶ್ರಣದಿಂದ ಒಂದೊಂದೇ ಗಿಡವನ್ನು ಆರಿಸಿ, ಅದರ ಸಂತತಿಯನ್ನು ಪ್ರತ್ಯೇಕವಾಗಿ ಬೆಳೆಸಿ, ಅವರು ಎನ್‌ಪಿ 4ರಂಥ ಶುದ್ಧ ವಂಶದ ತಳಿಗಳನ್ನು ಪಡೆದರು. ಆ ತಳಿಗಳು ಹೆಸರು ಮಾಡಿದವು, ಮಾರುಕಟ್ಟೆಗೂ ಹಿಡಿಸಿದವು. ಜವಾರಿ ಗೋಧಿಯ ವೈವಿಧ್ಯ ಕುಗ್ಗತೊಡಗಿದ್ದೂ ಆ ಆಯ್ಕೆಯಿಂದಲೇ. ಹಸಿರು ಕ್ರಾಂತಿಯನ್ನು ಮಾತ್ರ ದೂರುವವರು ಅದಕ್ಕಿಂತ ಅರ್ಧ ಶತಮಾನ ಹಿಂದಿನ ಈ ಅಧ್ಯಾಯವನ್ನು ಮರೆಯುತ್ತಾರೆ.

ಹಸಿರು ಕ್ರಾಂತಿಯ ಕಥೆ ಹೆಚ್ಚು ಪರಿಚಿತ. ಎತ್ತರದ ಜವಾರಿ ಗೋಧಿಗೆ ನೀರು, ಸಾರಜನಕ ಗೊಬ್ಬರ ಹೆಚ್ಚು ಕೊಟ್ಟರೆ ತೆನೆಯ ಭಾರಕ್ಕೆ ಕಾಂಡ ಬಾಗಿ ಬೆಳೆ ಮಲಗುತ್ತಿತ್ತು. ಮೆಕ್ಸಿಕೋದಿಂದ 1966ರಲ್ಲಿ ಬಂದ ಸುಮಾರು 18 ಸಾವಿರ ಟನ್ ಕುಳ್ಳು ಗೋಧಿಯ ಬೀಜ ಈ ತೊಡಕನ್ನು ನಿವಾರಿಸಿತು. ಅನಂತರ ಕಲ್ಯಾಣ್ ಸೋನಾ, ಸೋನಾಲಿಕಾ ತಳಿಗಳು ದೇಶದ ಗೋಧಿ ಹೊಲಗಳನ್ನು ಕೆಲವೇ ವರ್ಷಗಳಲ್ಲಿ ಆವರಿಸಿದವು. ಆ ಕುಳ್ಳು ಗುಣ ಬಂದದ್ದು ಜಪಾನಿನ ನೋರಿನ್ 10 ತಳಿಯಿಂದ. ನೋರಿನ್ 10ಕ್ಕೆ ಬಂದದ್ದು ದಾರುಮಾ ಎಂಬ ಜಪಾನಿನ ಹಳೆಯ ನಾಟಿ ಗೋಧಿಯಿಂದ. ಆಧುನಿಕ ಗೋಧಿಯ ಅತಿದೊಡ್ಡ ಯಶಸ್ಸಿನ ಬುಡದಲ್ಲಿಯೂ ಯಾವುದೋ ಊರಿನ ರೈತರು ಉಳಿಸಿಕೊಂಡು ಬಂದ ಬೀಜವೇ ಇದೆ.

ತುಕ್ಕು ರೋಗ ಮತ್ತು ಕಪ್ಲಿಯ ಋಣ

ವೈವಿಧ್ಯ ಏಕೆ ಬೇಕು ಎಂಬ ಪ್ರಶ್ನೆಗೆ ಪೋಷಕಾಂಶ, ರುಚಿ, ಸಂಸ್ಕೃತಿ ಎಂಬ ಉತ್ತರಗಳು ಸಿಗುತ್ತವೆ. ಅವೆಲ್ಲಕ್ಕಿಂತ ಗಟ್ಟಿಯಾದ ಉತ್ತರ ತುಕ್ಕು ರೋಗದಲ್ಲಿದೆ, ಮತ್ತು ಅದರಲ್ಲಿ ಕರ್ನಾಟಕಕ್ಕೆ ನೇರ ಪಾತ್ರವಿದೆ.

ಗೋಧಿಗೆ ಶಿಲೀಂಧ್ರದಿಂದ ಮೂರು ಬಗೆಯ ತುಕ್ಕು ತಗಲುತ್ತದೆ: ಹಳದಿ, ಕಂದು, ಕಪ್ಪು. ಕಾಂಡಕ್ಕೆ ಬರುವ ಕಪ್ಪು ತುಕ್ಕು ಬೆಚ್ಚನೆಯ ಹವೆಯನ್ನು ಬಯಸುವುದರಿಂದ ಅದರ ಭಯ ಹೆಚ್ಚು ಇರುವುದು ಮಧ್ಯ ಭಾರತಕ್ಕೆ ಮತ್ತು ದಖನ್ನಿಗೆ. ಬಯಲು ಸೀಮೆಯ ಬೇಸಿಗೆಯ ಉರಿಯಲ್ಲಿ ಈ ಶಿಲೀಂಧ್ರ ಬದುಕಲಾರದು. ಹಾಗಿದ್ದರೂ ಪ್ರತಿ ವರ್ಷ ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಆಗ್ರಾದ ಸಸ್ಯರೋಗ ವಿಜ್ಞಾನಿ ಕೆ. ಸಿ. ಮೆಹ್ತಾ ಕಳೆದ ಶತಮಾನದ ಮೊದಲರ್ಧದಲ್ಲಿ ಉತ್ತರ ಕಂಡುಕೊಂಡರು. ರೋಗ ಬೇಸಿಗೆಯನ್ನು ಬೆಟ್ಟಗಳ ತಂಪಿನಲ್ಲಿ ಕಳೆಯುತ್ತದೆ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಗಾಳಿ ಶಿಲೀಂಧ್ರದ ಬೀಜಕಣಗಳನ್ನು ಹಿಂಗಾರಿ ಬಿತ್ತನೆಯ ಹೊತ್ತಿಗೆ ಉತ್ತರಕ್ಕೆ ಒಯ್ಯುತ್ತದೆ ಎಂಬುದನ್ನು ಮುಂದೆ ಎಸ್. ನಾಗರಾಜನ್ ಮತ್ತು ಎಲ್. ಎಂ. ಜೋಶಿ ವಿವರಿಸಿದರು. ಶಿಲೀಂಧ್ರದ ಹೆಸರಿನ ಮೇಲೆ ಇದನ್ನು ಪಕ್ಸಿನಿಯಾ ಪಥ ಎನ್ನುತ್ತಾರೆ. ನೀಲಗಿರಿಯಿಂದ ಮಧ್ಯ ಭಾರತಕ್ಕೆ ಹೋಗುವ ಈ ದಾರಿಯಲ್ಲಿ ಕರ್ನಾಟಕದ ಎರೆಹೊಲಗಳು ಸಿಗುತ್ತವೆ. ಅಲ್ಲಿನ ಗೋಧಿ ರೋಗಕ್ಕೆ ಬಗ್ಗದಿದ್ದರೆ ಮುಂದಿನ ಪ್ರದೇಶಗಳಿಗೆ ತಲುಪುವ ರೋಗದ ಪ್ರಮಾಣವೂ ತಗ್ಗುತ್ತದೆ.

ಇದೇ ಎರೆ ಸೀಮೆಯಲ್ಲಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಲ್ಲಿ, ಇಂದಿಗೂ ಮೂರು ಜಾತಿಯ ಗೋಧಿ ಸಿಗುತ್ತದೆ. ಒಂದು ಎಲ್ಲೆಡೆಯ ಚಪಾತಿ ಗೋಧಿ. ಇನ್ನೊಂದು ಶಾವಿಗೆ, ರವೆಗಳಿಗೆ ಹೇಳಿಮಾಡಿಸಿದ ಗಟ್ಟಿ ಕಾಳಿನ ಡ್ಯೂರಂ. ಬಿಜಗಾ ಯೆಲ್ಲೋ ಈ ಗುಂಪಿಗೆ ಸೇರಿದ್ದು. ಮೂರನೆಯದು ಸದಕ, ಜವೆ ಗೋಧಿ, ಕಪ್ಲಿ ಎಂದೆಲ್ಲ ಕರೆಯುವ, ಸುಮಾರು 10 ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಬೇಸಾಯಕ್ಕೆ ಒಳಪಟ್ಟ ಎಮ್ಮರ್ ಗೋಧಿ. ಒಕ್ಕಣೆಯಲ್ಲಿ ಇದರ ತೆನೆ ಮುರಿದು, ಸಾಮಾನ್ಯವಾಗಿ ಎರಡೆರಡು ಕಾಳಿನ ಸಣ್ಣ ಗೂಡುಗಳಾಗಿ ಬೀಳುತ್ತದೆಯೇ ಹೊರತು ಕಾಳು ಹೊರಗೆ ಬರುವುದಿಲ್ಲ. ಹೊಟ್ಟು ಬಿಡಿಸಲು ಮತ್ತೆ ಕುಟ್ಟಬೇಕು. ಹುಗ್ಗಿಗೆ ಹಾಕಿದರೆ ಕಾಳು ಕರಗಿಹೋಗದೆ ಹದವಾಗಿ ಬೇಯುತ್ತದೆ. ಬಿಸಿಲನ್ನೂ ತುಕ್ಕನ್ನೂ ತಡೆಯುತ್ತದೆ.

ತುಕ್ಕನ್ನು ತಡೆಯುವ ಈ ಗುಣವನ್ನು ಜಗತ್ತು ಬಹಳ ಹಿಂದೆಯೇ ಗಮನಿಸಿತ್ತು. ಅಮೆರಿಕದ ಮಿನ್ನೆಸೋಟದಲ್ಲಿ ಇ. ಸಿ. ಸ್ಟ್ಯಾಕ್‌ಮನ್ ಮತ್ತು ಸಂಗಡಿಗರು 1920ರ ದಶಕದ ಹೊತ್ತಿಗೆ ಕಪ್ಪು ತುಕ್ಕಿನ ಪ್ರಭೇದಗಳನ್ನು ಗುರುತಿಸಲು 12 ಗೋಧಿಗಳ ಒಂದು ಗುಂಪನ್ನು ಬಳಸುತ್ತಿದ್ದರು. ಯಾವ ಗೋಧಿಗೆ ರೋಗ ತಗಲಿತು, ಯಾವುದಕ್ಕೆ ತಗಲಲಿಲ್ಲ ಎಂಬುದನ್ನು ನೋಡಿ ಪ್ರಭೇದವನ್ನು ಹೆಸರಿಸುವ ಕ್ರಮ ಅದು. ಆ 12ರಲ್ಲಿ ಒಂದು ಭಾರತದಿಂದ ಹೋದ ಕಪ್ಲಿ. ಎಸ್‌ಆರ್ 13, ಎಸ್‌ಆರ್ 14 ಎಂಬ ರೋಗನಿರೋಧಕ ಜೀನ್‌ಗಳು ಕಪ್ಲಿಯಲ್ಲಿ ಪತ್ತೆಯಾಗಿ ಮುಂದೆ ತಳಿ ಅಭಿವೃದ್ಧಿಗೆ ಬಳಕೆಯಾದವು. ಉಗಾಂಡದಲ್ಲಿ 1998ರಲ್ಲಿ ಕಾಣಿಸಿಕೊಂಡು ಯುಜಿ 99 ಎಂದು ಹೆಸರಾದ ಹೊಸ ತುಕ್ಕು, ಅಲ್ಲಿಯವರೆಗೆ ಜಗತ್ತಿನ ಹೆಚ್ಚಿನ ಗೋಧಿಯನ್ನು ಕಾಯುತ್ತಿದ್ದ ಎಸ್‌ಆರ್ 31 ಜೀನನ್ನು ಮುರಿದು 2007ರ ಹೊತ್ತಿಗೆ ಇರಾನ್ ತಲುಪಿತು. ಆಗ ಯುಜಿ 99ರ ಎದುರು ನಿಲ್ಲುವ ಜೀನ್‌ಗಳನ್ನು ಹುಡುಕಿದಾಗ ಸಿಕ್ಕವುಗಳಲ್ಲಿ ಎಸ್‌ಆರ್ 13 ಕೂಡ ಒಂದು. ಕಪ್ಲಿಯನ್ನು ಹುಗ್ಗಿಗೂ ಸಜ್ಜಕಕ್ಕೂ ಎಂದು ಉಳಿಸಿಕೊಂಡ ರೈತರು ಇದಾವುದನ್ನೂ ಉದ್ದೇಶಿಸಿರಲಿಲ್ಲ. ಅವರು ಬಿತ್ತುವುದನ್ನು ನಿಲ್ಲಿಸಿದ್ದರೆ ಆಗುತ್ತಿದ್ದ ನಷ್ಟ ಮಾತ್ರ ಹುಗ್ಗಿಗಷ್ಟೇ ಸೀಮಿತವಾಗುತ್ತಿರಲಿಲ್ಲ.

ಒಂದೇ ತಳಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇಥಿಯೋಪಿಯಾದ ಉದಾಹರಣೆ ಇದೆ. ಯುಜಿ 99ನ್ನು ತಡೆಯುತ್ತದೆ ಎಂಬ ಕಾರಣಕ್ಕೆ ಅಲ್ಲಿ ಡಿಗಾಲು ಎಂಬ ತಳಿಯನ್ನು ವ್ಯಾಪಕವಾಗಿ ಬಿತ್ತಲಾಯಿತು. 2013-14ರಲ್ಲಿ ಯುಜಿ 99ಕ್ಕೆ ಸಂಬಂಧವಿಲ್ಲದ ಬೇರೊಂದು ತುಕ್ಕು ಬಂದು, ದೇಶದ ದಕ್ಷಿಣ ಭಾಗದಲ್ಲಿ ಆ ತಳಿಯ ಹೊಲಗಳನ್ನೇ ನೆಲಕಚ್ಚಿಸಿತು.

ಜೀನ್ ಬ್ಯಾಂಕಿನಲ್ಲಿ ಇದೆಯಲ್ಲ?

ವೈವಿಧ್ಯ ಮುಖ್ಯವೆಂದು ಒಪ್ಪುವವರೂ ಕೇಳುವ ಪ್ರಶ್ನೆ ಇದು. ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಭಂಡಾರದಲ್ಲಿ ಎಲ್ಲ ಬೆಳೆಗಳೂ ಸೇರಿ 4.5 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ದೀರ್ಘಕಾಲ ಇಡಬೇಕಾದ ಬೀಜಗಳನ್ನು ಅಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಲಾಗುತ್ತದೆ. 10 ಲಕ್ಷ ಮಾದರಿಗಳ ಎರಡನೇ ಜೀನ್ ಬ್ಯಾಂಕನ್ನು 2025-26ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಗಿದೆ. ಇಂಥ ಸಂಗ್ರಹದ ಬೆಲೆಯನ್ನು ಕಡೆಗಣಿಸುವಂತಿಲ್ಲ. ಇಂಗ್ಲೆಂಡಿನ ಸಸ್ಯ ವಿಜ್ಞಾನಿ ಎ. ಇ. ವಾಟ್ಕಿನ್ಸ್ 1920-30ರ ದಶಕಗಳಲ್ಲಿ ಭಾರತವೂ ಸೇರಿ 32 ದೇಶಗಳಿಂದ ತರಿಸಿಟ್ಟ ನಾಟಿ ಗೋಧಿಗಳಲ್ಲಿ ಉಳಿದಿರುವ 827 ಮಾದರಿಗಳನ್ನು ವಿಜ್ಞಾನಿಗಳು ಈಚೆಗೆ ಪೂರ್ತಿಯಾಗಿ ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಗೋಧಿಗಳು ಏಳು ಪೂರ್ವಜ ಗುಂಪುಗಳಿಗೆ ಸೇರುತ್ತವೆ. ಇಂದಿನ ಆಧುನಿಕ ತಳಿಗಳು ಅವುಗಳಲ್ಲಿ ಎರಡರಿಂದ ಮಾತ್ರ ಬಂದಿವೆ. ಸಂಗ್ರಹದಲ್ಲಿನ ಆನುವಂಶಿಕ ವೈವಿಧ್ಯದ ಕನಿಷ್ಠ ಶೇ 60 ಭಾಗ ಆಧುನಿಕ ಗೋಧಿಯಲ್ಲಿ ಇಲ್ಲವೇ ಇಲ್ಲ. ವಾಟ್ಕಿನ್ಸ್ ಅಂದು ತರಿಸಿಡದಿದ್ದರೆ ಇದನ್ನು ಇಂದು ಹೊಲಗಳಲ್ಲಿ ಹುಡುಕಿ ತೆಗೆಯುವುದು ಸಾಧ್ಯವಿರಲಿಲ್ಲ.

ಆದರೂ ಭಂಡಾರಕ್ಕೆ ಅದರದೇ ಮಿತಿಗಳಿವೆ. ತಂಪಿನಲ್ಲಿಟ್ಟ ಬೀಜ ಇಟ್ಟ ದಿನದ ಸ್ಥಿತಿಯಲ್ಲೇ ಇರುತ್ತದೆ. ಹೊರಗೆ ರೋಗ ಬದಲಾಗುತ್ತದೆ, ಬಿಸಿಲು ಏರುತ್ತದೆ. 1901ರಿಂದ ಲಭ್ಯವಿರುವ ದಾಖಲೆಗಳಲ್ಲೇ ಅತ್ಯಂತ ಬಿಸಿಯ ಮಾರ್ಚ್ ಬಂದದ್ದು 2022ರಲ್ಲಿ. ಕಾಳು ತುಂಬುವ ಹೊತ್ತಿಗೆ ಬಂದ ಆ ಬಿಸಿಗೆ ಗೋಧಿ ಸೊರಗಿ, ಮೇ 13ರಂದು ಸರ್ಕಾರ ರಫ್ತನ್ನೇ ನಿಲ್ಲಿಸಿತು. ಅಂಥ ವರ್ಷದಲ್ಲಿ ಹೊಲದಲ್ಲಿರುವ ಮಿಶ್ರ ತಳಿಯಲ್ಲಿ ಬಿಸಿ ತಡೆದುಕೊಂಡ ಗಿಡಗಳು ಹೆಚ್ಚು ಕಾಳು ಕೊಡುತ್ತವೆ, ಮುಂದಿನ ವರ್ಷದ ಬೀಜದಲ್ಲಿ ಅವುಗಳ ಪಾಲು ತಾನಾಗಿ ಏರುತ್ತದೆ. ಭಂಡಾರದಲ್ಲಿ ಈ ಆಯ್ಕೆ ನಡೆಯುವುದಿಲ್ಲ. ಇನ್ನು ಭದ್ರತೆಯ ಮಾತು. ಸಿರಿಯಾದ ಅಲೆಪ್ಪೊ ಬಳಿಯಿದ್ದ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಗೋಧಿ-ಬಾರ್ಲಿ ಸಂಗ್ರಹ ಯುದ್ಧದಿಂದ ಕೈಗೆಟುಕದಂತಾದಾಗ, ನಾರ್ವೆಯ ಸ್ವಾಲ್‌ಬಾರ್ಡ್‌ ಬೀಜ ಭಂಡಾರದಲ್ಲಿ ಮುನ್ನೆಚ್ಚರಿಕೆಗೆಂದು ಇಟ್ಟಿದ್ದ ಅದೇ ಬೀಜಗಳ ನಕಲು ಸಂಗ್ರಹವನ್ನು 2015ರಲ್ಲಿ ಹಿಂಪಡೆಯಬೇಕಾಯಿತು. ನಕಲು ಇದ್ದುದರಿಂದ ಸಂಗ್ರಹ ಉಳಿಯಿತು.

ಭಂಡಾರ ಸೇರಿದ ಬೀಜದ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆಯೂ ಉಳಿದೇ ಇದೆ. ನಾಪ್ ಹಾಲ್ ಎಂಬ ಭಾರತದ ನಾಟಿ ಗೋಧಿಗೆ ಹಿಟ್ಟು ಹೆಚ್ಚು ಹಿಗ್ಗದ, ಬಿಸ್ಕತ್ತಿಗೆ ಹೊಂದುವ ಗುಣವಿದೆ. ಆ ಗುಣವಿರುವ ಗೋಧಿಯ ಮೇಲೆ ಯುರೋಪಿಯನ್ ಪೇಟೆಂಟ್ ಕಚೇರಿ 2003ರಲ್ಲಿ ಮಾನ್ಸಾಂಟೊ ಕಂಪನಿಗೆ ಪೇಟೆಂಟ್ ನೀಡಿತು. ವಂದನಾ ಶಿವ ಅವರ ಸಂಸ್ಥೆಯೂ ಸೇರಿ ಹಲವರು ಆಕ್ಷೇಪಿಸಿದ ಮೇಲೆ 2004ರಲ್ಲಿ ಅದು ರದ್ದಾಯಿತು. ತಳಿ ಯಾವ ಊರಿನದು, ಯಾರು ಬೆಳೆಯುತ್ತಿದ್ದರು ಎಂಬ ದಾಖಲೆ ಇದ್ದಾಗ ಮಾತ್ರ ಇಂಥ ಆಕ್ಷೇಪಕ್ಕೆ ಬಲ ಬರುತ್ತದೆ.

ಯಾರ ವಾದ ಏನು

ಸರ್ಕಾರ ಮತ್ತು ಬೀಜೋದ್ಯಮದ ನಿಲುವು ಸರಳ. ಕಳಪೆ ಬೀಜದಿಂದ ಆಗುವ ನಷ್ಟ ನಿಜ, ಅದರ ಮೂಲ ಪತ್ತೆಯಾಗಬೇಕಾದರೆ ನೋಂದಣಿ ಮತ್ತು ಕ್ಯೂಆರ್ ಕೋಡ್ ಬೇಕು, ರೈತರ ತಳಿಗಳನ್ನು ಹೊರಗಿಟ್ಟಿದ್ದೇವೆ. ತಳಿ ವಿಜ್ಞಾನಿಗಳಲ್ಲಿ ಹಲವರು ಇನ್ನೊಂದು ಮಾತು ಸೇರಿಸುತ್ತಾರೆ: ಹೆಕ್ಟೇರಿಗೆ ಸುಮಾರು 5 ಟನ್ ತೆಗೆಯುವ ಪಂಜಾಬಿನ ರೈತನಿಗೆ ಜವಾರಿ ಗೋಧಿ ಬಿತ್ತಿ ಎನ್ನುವುದು ನ್ಯಾಯವಲ್ಲ, ದೇಶದ ಪಡಿತರಕ್ಕೂ ಅದು ಸಾಲದು. ಈ ಮಾತಿನಲ್ಲಿ ತೂಕವಿದೆ. ವೈವಿಧ್ಯ ಉಳಿಸುವ ಭಾರವನ್ನು ಇಳುವರಿ ಕಳೆದುಕೊಂಡು ಹೊರಬೇಕು ಎಂದು ಯಾವ ರೈತನಿಗೂ ಹೇಳಲಾಗದು.

ಬೀಜ ಸಂರಕ್ಷಣೆಯಲ್ಲಿ ತೊಡಗಿದ ಗುಂಪುಗಳ ಮುಖ್ಯ ಆಕ್ಷೇಪ ವಿನಾಯಿತಿಯ ಅಳತೆಯ ಬಗ್ಗೆ. ಕರಡು ರಕ್ಷಣೆ ಕೊಡುವುದು ರೈತನಿಗೆ. ಇಪ್ಪತ್ತು ರೈತರ ಬೀಜವನ್ನು ಒಟ್ಟುಗೂಡಿಸಿ, ಸ್ವಚ್ಛ ಮಾಡಿ, ಚೀಲದ ಮೇಲೆ ಸಂಘದ ಹೆಸರು ಬರೆದು ಬೀಜ ಮೇಳದಲ್ಲಿ ಮಾರುವ ಮಹಿಳಾ ಸಂಘವಾಗಲಿ, ರೈತ ಉತ್ಪಾದಕ ಸಂಸ್ಥೆಯಾಗಲಿ, ಸಮುದಾಯ ಬೀಜ ಬ್ಯಾಂಕಾಗಲಿ ಈ ಅರ್ಥದಲ್ಲಿ ರೈತನೇ, ಬೀಜ ವ್ಯಾಪಾರಿಯೇ? ಚೀಲದ ಮೇಲಿನ ಸಂಘದ ಹೆಸರು ಬ್ರ್ಯಾಂಡ್ ಆಗುತ್ತದೆಯೇ? ಹೌದು ಎಂದಾದರೆ ದೊಡ್ಡ ಕಂಪನಿಗೆ ಹೇಳಿದ ನಿಯಮಗಳೇ ಸಂಘಕ್ಕೂ ಬರುತ್ತವೆ. ಜವಾರಿ ಗೋಧಿಯ ಬೀಜ ಸಾಗುವ ದಾರಿ ಮುಖ್ಯವಾಗಿ ಇಂಥ ಸಂಘಗಳದ್ದೇ ಆಗಿರುವಾಗ, ಒಬ್ಬೊಬ್ಬ ರೈತನಿಗೆ ಕೊಟ್ಟ ವಿನಾಯಿತಿ ತಳಿಯನ್ನು ತಲುಪುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಹೆಚ್ಚು ಗಂಭೀರವಾದ ಅಂಶ ಇದು. ಜೈಲು-ದಂಡದ ಗದ್ದಲದಲ್ಲಿ ಕಡಿಮೆ ಕೇಳಿಸಿದ್ದೂ ಇದೇ.

ಏಕರೂಪತೆ ಎಂಬ ತೊಡಕು

ಹಾಗಾದರೆ ಜವಾರಿ ತಳಿಯನ್ನೇ ನೋಂದಾಯಿಸಿಬಿಟ್ಟರೆ ಆಗದೇ? 2001ರ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ತಳಿ ಉಳಿಸಿದ ಸಮುದಾಯಗಳಿಗೆ 10 ಲಕ್ಷ ರೂಪಾಯಿಯ ಪ್ರಶಸ್ತಿಯೂ ಇದೆ. ಆದರೆ ನೋಂದಣಿಗೆ ತಳಿಯು ಉಳಿದವುಗಳಿಗಿಂತ ಭಿನ್ನವಾಗಿರಬೇಕು, ಏಕರೂಪವಾಗಿರಬೇಕು, ವರ್ಷದಿಂದ ವರ್ಷಕ್ಕೆ ಬದಲಾಗದಿರಬೇಕು. ರೈತರ ತಳಿಗಳಿಗೆ ಸ್ವಲ್ಪ ಸಡಿಲಿಕೆ ಇದೆ: ಸಾಮಾನ್ಯ ತಳಿಯಲ್ಲಿ ಒಪ್ಪುವ ಬೆರಕೆ ಗಿಡಗಳ ಸಂಖ್ಯೆಯ ಎರಡರಷ್ಟನ್ನು ಒಪ್ಪುತ್ತಾರೆ. ಹೋವರ್ಡ್ ದಂಪತಿ ಕಂಡಂಥ ಹೊಲಕ್ಕೆ ಎರಡರಷ್ಟು ಸಡಿಲಿಕೆ ಏನೇನೂ ಸಾಲದು. ನೋಂದಣಿಗೆ ಹೊಂದಲೆಂದು ರೈತ ಒಂದೇ ಬಗೆಯ ತೆನೆಗಳನ್ನು ಆರಿಸುತ್ತಾ ಹೋದರೆ ಹೆಸರು ಉಳಿಯುತ್ತದೆ, ಹೆಸರಿನೊಳಗಿನ ವೈವಿಧ್ಯ ಹೋಗುತ್ತದೆ.

ಯುರೋಪಿನಲ್ಲಿ ಇದೇ ತೊಡಕು ಬಂದಾಗ 2008ರಲ್ಲಿ ಸಂರಕ್ಷಣಾ ತಳಿಗಳೆಂಬ ಪ್ರತ್ಯೇಕ ವರ್ಗ ಮಾಡಿ, ಮೂಲ ಪ್ರದೇಶದಲ್ಲಿ ಸೀಮಿತ ಪ್ರಮಾಣದ ಬೀಜ ಮಾರಾಟಕ್ಕೆ ಅವಕಾಶ ಕೊಟ್ಟರು. ಸಾವಯವ ಕೃಷಿಯ ಹೊಸ ನಿಯಮಗಳು 2022ರಲ್ಲಿ ಜಾರಿಗೆ ಬಂದಾಗ, ಏಕರೂಪತೆಯೇ ಇಲ್ಲದ ಮಿಶ್ರ ಬೀಜವನ್ನೂ ಅದರ ಮೂಲ ಮತ್ತು ಗುಣಗಳನ್ನು ವಿವರಿಸಿ ತಿಳಿಸಿದರೆ ಮಾರಬಹುದು ಎಂದಾಯಿತು. ಮೊಳಕೆಯೊಡೆಯುವ ಪ್ರಮಾಣ, ಕಳೆಬೀಜ ಇಲ್ಲದಿರುವುದು ಇವನ್ನು ಪರೀಕ್ಷಿಸಲು ತಳಿ ಏಕರೂಪವಾಗಿರಬೇಕಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮ ಕರಡಿನಲ್ಲಿ ಇಂಥ ನಡುದಾರಿ ಇಲ್ಲ. ಒಂದೋ ಪೂರ್ಣ ನೋಂದಣಿ, ಇಲ್ಲವೇ ಹೆಸರಿಲ್ಲದ ವಿನಾಯಿತಿ.

ಕಪ್ಲಿ ಹಿಟ್ಟಿಗೆ ಬೇಡಿಕೆ ಬಂದಿದೆ, ವೈವಿಧ್ಯಕ್ಕೆ ಬಂದಿದೆಯೇ?

ಮಾರುಕಟ್ಟೆಯೇ ಇದನ್ನು ಬಗೆಹರಿಸುತ್ತಿದೆ ಎಂಬ ಅಭಿಪ್ರಾಯವೂ ಇದೆ. ನಗರಗಳಲ್ಲಿ ಕಪ್ಲಿ ಹಿಟ್ಟು ಸಾಮಾನ್ಯ ಗೋಧಿ ಹಿಟ್ಟಿನ ಎರಡು-ಮೂರು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ. ಮಧ್ಯಪ್ರದೇಶದ ಶರ್ಬತಿ ಗೋಧಿಗೂ ಗುಜರಾತಿನ ಭಾಲಿಯಾ ಗೋಧಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೇಡಿಕೆ ಇರುವ ಬೆಳೆಯನ್ನು ರೈತ ಬಿಡುವುದಿಲ್ಲ ಎಂಬುದು ನಿಜ.

ಆದರೆ ಕೊಳ್ಳುವವರು ಕೇಳುತ್ತಿರುವುದು ಒಂದು ಜಾತಿಯ ಗೋಧಿಯನ್ನು. ಅದರೊಳಗೆ ಎಷ್ಟು ತಳಿಗಳಿವೆ ಎಂಬುದು ಅವರಿಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ. ಬೆಲೆ ಏರಿದಾಗ ರೈತ ಹೆಚ್ಚು ಇಳುವರಿಯ, ಗೊಬ್ಬರ ಕೊಟ್ಟರೂ ಮಲಗದ ಬೀಜ ಹುಡುಕುತ್ತಾನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029, ನೀಲಗಿರಿಯ ವೆಲ್ಲಿಂಗ್ಟನ್ ಕೇಂದ್ರದ ಎಚ್‌ಡಬ್ಲ್ಯೂ 1098 ತಳಿಗಳು ಈ ಬೇಡಿಕೆಗೆ ಒಳ್ಳೆಯ ಉತ್ತರ ನೀಡಿವೆ. ಕಪ್ಲಿ ಇಂದು ಲಾಭದ ಬೆಳೆಯಾಗಿದ್ದರೆ ಅದರಲ್ಲಿ ಆ ವಿಜ್ಞಾನಿಗಳ ಪಾಲು ದೊಡ್ಡದು. ಹಾಗಿದ್ದೂ, ಎತ್ತರದ ಮಿಶ್ರ ಕಪ್ಲಿಯ ಜಾಗಕ್ಕೆ ಕುಳ್ಳು ಕಪ್ಲಿಯ ಎರಡು-ಮೂರು ತಳಿಗಳು ಬಂದರೆ, ಚಪಾತಿ ಗೋಧಿಯಲ್ಲಿ 1960ರ ದಶಕದಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಅಂಗಡಿಯ ಕಪಾಟಿನಲ್ಲಿ ಕಪ್ಲಿ ಹೆಚ್ಚಿದಷ್ಟೂ ಹೊಲದಲ್ಲಿ ಕಪ್ಲಿಯ ಬಗೆಗಳು ಕಡಿಮೆಯಾಗಬಹುದು.

ಪೊಟ್ಟಣದ ಮೇಲಿನ ಮಾತುಗಳಿಗೂ ಸ್ವಲ್ಪ ಎಚ್ಚರ ಬೇಕು. ದೇಸಿ ಎಂದು ಹೆಸರಾದ ಶರ್ಬತಿಯ ಪ್ರಸಿದ್ಧ ತಳಿ ಸಿ 306 ಸಂಶೋಧನಾ ಕೇಂದ್ರದಲ್ಲಿ ಸಂಕರದಿಂದ ಬಂದು 1965ರಲ್ಲಿ ಬಿಡುಗಡೆಯಾದದ್ದು. ಕಪ್ಲಿಯಲ್ಲಿ ಗ್ಲುಟೆನ್ ಇದೆ; ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳು ಅದನ್ನು ತಿನ್ನುವಂತಿಲ್ಲ. ತಪ್ಪು ಭರವಸೆಯ ಮೇಲೆ ಕಟ್ಟಿದ ಬೇಡಿಕೆ ಕುಸಿದಾಗ ಮೊದಲು ನಷ್ಟ ಅನುಭವಿಸುವವನು ಅದನ್ನು ನಂಬಿ ಬಿತ್ತಿದ ರೈತ.

ಸರ್ಕಾರದ ಖರೀದಿಯೂ ವೈವಿಧ್ಯಕ್ಕೆ ಅನುಕೂಲವಾಗಿಲ್ಲ. ಗೋಧಿಗೆ 2026-27ರ ಹಂಗಾಮಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,585 ರೂಪಾಯಿ, ತಳಿ ಯಾವುದಾದರೂ ಅದೇ ಬೆಲೆ. ಕಡಿಮೆ ಇಳುವರಿಯ ತಳಿಗೂ ಅದೇ ದರ ಎಂದ ಮೇಲೆ ಅದನ್ನು ಬಿತ್ತಲು ಹಣಕಾಸಿನ ಕಾರಣ ಉಳಿಯುವುದಿಲ್ಲ.

ಮುಂದೆ ಆಗಬಹುದಾದದ್ದು

ಮಸೂದೆ ಈಗಿನ ರೂಪದಲ್ಲೇ ಕಾಯ್ದೆಯಾದರೂ ಮನೆಯ ಬೀಜ ಬಿತ್ತುವ ರೈತನ ಬಾಗಿಲಿಗೆ ಯಾರೂ ಬರುವುದಿಲ್ಲ. ಪರಿಣಾಮ ಕಾಣಿಸುವುದು ನಿಧಾನವಾಗಿ, ಬೇರೆ ಕಡೆ. ಸಮುದಾಯ ಬೀಜ ಬ್ಯಾಂಕುಗಳು ಕಾನೂನಿನ ಭಯದಿಂದ ಚೀಲದ ಮೇಲೆ ಹೆಸರು ಹಾಕುವುದನ್ನು ಬಿಟ್ಟರೆ, ಯಾವ ಊರಿನ ಯಾವ ತಳಿ ಎಂಬ ಗುರುತೇ ಕಳೆದುಹೋಗುತ್ತದೆ. ನಾಪ್ ಹಾಲ್‌ನಂಥ ವಿವಾದ ಮತ್ತೆ ಬಂದರೆ ತೋರಿಸಲು ದಾಖಲೆ ಇರುವುದಿಲ್ಲ. ಧೈರ್ಯವಿರುವ ಕೆಲವು ಸಂಘಗಳು ವ್ಯಾಪಾರಿಗಳಾಗಿ ನೋಂದಾಯಿಸಿಕೊಂಡಾವು. ಆಗ ಖರ್ಚು ಹುಟ್ಟಬೇಕಾದರೆ ಹೆಚ್ಚು ಮಾರಾಟವಾಗುವ ಒಂದೆರಡು ತಳಿಗಳನ್ನಷ್ಟೇ ಇಟ್ಟುಕೊಳ್ಳಬೇಕಾಗುತ್ತದೆ, ಉಳಿದವು ಪಟ್ಟಿಯಿಂದ ಬಿದ್ದುಹೋಗುತ್ತವೆ.

ಇದನ್ನು ತಪ್ಪಿಸಲು ಕರಡನ್ನು ತಿರಸ್ಕರಿಸಬೇಕಾಗಿಲ್ಲ. ರೈತ ಎಂಬ ಪದದ ವ್ಯಾಖ್ಯೆಯೊಳಗೆ ರೈತರ ಗುಂಪುಗಳನ್ನೂ ಸಮುದಾಯ ಬೀಜ ಬ್ಯಾಂಕುಗಳನ್ನೂ ಸೇರಿಸುವುದು, ತಳಿಯ ಮತ್ತು ಊರಿನ ಹೆಸರು ಬರೆಯುವುದು ಬ್ರ್ಯಾಂಡ್ ಅಲ್ಲವೆಂದು ಸ್ಪಷ್ಟಪಡಿಸುವುದು, ಮೊಳಕೆಯ ಪರೀಕ್ಷೆಯೊಂದನ್ನೇ ಕೇಳುವ ಮಿಶ್ರ ಬೀಜದ ವರ್ಗ ಮಾಡುವುದು, ಇವು ಕೆಲವೇ ಸಾಲುಗಳ ತಿದ್ದುಪಡಿಗಳು. ಪ್ರಮಾಣೀಕೃತ ಗೋಧಿ ಬೀಜಕ್ಕೆ ಈಗಲೇ ಕನಿಷ್ಠ ಶೇ 85 ಮೊಳಕೆಯ ಮಾನದಂಡವಿದೆ. ಅದನ್ನು ಬೀಜ ಬ್ಯಾಂಕಿನ ಜವಾರಿ ಗೋಧಿಯೂ ಮುಟ್ಟಬಲ್ಲದು.

ಕಾನೂನಿನಿಂದ ಆಗದ ಕೆಲಸವೂ ಉಳಿಯುತ್ತದೆ. ಕಪ್ಲಿಯ ಹೊಟ್ಟು ಬಿಡಿಸುವ ಯಂತ್ರ ಹತ್ತಿರದ ಊರಿನಲ್ಲಿ ಇದ್ದರೆ ಎರಡೆಕರೆಯ ರೈತನೂ ಅದನ್ನು ಬೆಳೆದು ಮಾರಬಲ್ಲ. ಇಲ್ಲದಿದ್ದರೆ ಬೆಳೆ ಹೊಟ್ಟಿನ ಸಮೇತ ದಲ್ಲಾಳಿಯ ಪಾಲಾಗುತ್ತದೆ, ಬೆಲೆಯ ಹೆಚ್ಚಳವೂ ಅವನಿಗೇ ಸೇರುತ್ತದೆ. ಜೀನ್ ಬ್ಯಾಂಕಿನಲ್ಲಿರುವ ಹಳೆಯ ಕಪ್ಲಿ ಮತ್ತು ಡ್ಯೂರಂ ಮಾದರಿಗಳನ್ನು ಅವು ಹೊರಟ ಜಿಲ್ಲೆಗಳ ರೈತರಿಗೆ ಬಿತ್ತಲು ಮರಳಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಪ್ರತಿ ವರ್ಷ ಸ್ವಲ್ಪ ಅನುದಾನ ಬೇಕು. ಅನುದಾನ ಬಂದು, ಬೀಜ ಹಳ್ಳಿಗೆ ಮರಳಿ, ಅಲ್ಲಿಂದ ಸಂಘದ ಚೀಲದಲ್ಲಿ ಪಕ್ಕದ ತಾಲ್ಲೂಕಿನ ಮೇಳಕ್ಕೆ ಬಂದಾಗ, ಅದನ್ನು ವಿನಾಯಿತಿಯ ರೈತರ ಬೀಜ ಎಂದು ಓದಬೇಕೇ ಅಥವಾ ನೋಂದಣಿಯಿಲ್ಲದ ಮಾರಾಟ ಎಂದು ಓದಬೇಕೇ ಎಂಬುದನ್ನು ಈಗಿನ ಕರಡು ತಾಲ್ಲೂಕು ಮಟ್ಟದ ಬೀಜ ಪರಿವೀಕ್ಷಕರ ವಿವೇಚನೆಗೆ ಬಿಟ್ಟಿದೆ.